ಕಪ್ಪು ಅಂಚಿನ ಕಾಗದದಲ್ಲಿ, ಬದುಕಿರುವವಳಿಂದ

ಜಿಲ್ಲಾ ಆರೋಗ್ಯ ವಿಮಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾನು ಸತ್ತಿಲ್ಲ. ಈ ಸಂಗತಿಯನ್ನು ನಿಮ್ಮ ಕಚೇರಿಗೆ ಬಾಯಿಮಾತಿನಲ್ಲಿ ಎರಡು ಸಲ, ಬರವಣಿಗೆಯಲ್ಲಿ ಒಂದು ಸಲ ತಿಳಿಸಿದ್ದಾಯಿತು. ಮೂರನೆಯ ಕಿಟಕಿಯಲ್ಲಿ ಕೂರುವ ನಿಮ್ಮ ಗುಮಾಸ್ತೆ ಗಾಜಿನಾಚೆಯಿಂದ ನನ್ನ ಮುಖ ನೋಡಿ, ನನ್ನೊಂದಿಗೆ ಮಾತಾಡಿ, ನನ್ನದೇ ಪೆನ್ನನ್ನು ಎರವಲು ಪಡೆದು, ಆ ಪೆನ್ನಿನ ತುದಿಯಿಂದಲೇ ‘ಅರ್ಜಿದಾರರು ಮೃತರಾದ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಗಿದೆ’ ಎಂಬ ಸಾಲನ್ನು ನನಗೆ ತೋರಿಸಿದರು. ಮೃತಳು ನಮಸ್ಕಾರ ಹೇಳಿ ಪೆನ್ನು ವಾಪಸು ಇಸಿದುಕೊಂಡು ಹೊರಗೆ ಬಂದಳು.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಒಂದು ರಕ್ತಪರೀಕ್ಷೆಗೆ ನಿಮ್ಮ ಮೊಹರಿರುವ ಒಂದು ಚೀಟಿ. ಅದು ಫೆಬ್ರವರಿ ಆರಕ್ಕೆ ನನ್ನ ಕೈಯಲ್ಲಿರಬೇಕಿತ್ತು. ಇವತ್ತು ಮಾರ್ಚ್ ಹದಿನಾರು. ನನ್ನ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಮಾತ್ರೆಗಳಿಗೆ ನಿಮ್ಮ ಸಮಿತಿ ಕೊಟ್ಟಿರುವ ಅನುಮತಿ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಆ ಪರೀಕ್ಷೆ ಆಗದಿದ್ದರೆ ಅನುಮತಿ ಮುಂದುವರಿಯುವುದಿಲ್ಲ. ಅನುಮತಿ ಮುಂದುವರಿಯದಿದ್ದರೆ ನಿಮ್ಮ ಗುಮಾಸ್ತೆ ಬರೆದ ಸಾಲು ನಿಜವಾಗುವ ಸಾಧ್ಯತೆ ಇದೆ. ಆಗ ನಿಮ್ಮ ಕಚೇರಿಯ ದಾಖಲೆಗಳೆಲ್ಲ ಸರಿಹೋಗುತ್ತವೆ, ಒಪ್ಪುತ್ತೇನೆ. ಆದರೆ ನನಗೆ ಮೂವತ್ತೊಂಬತ್ತು ವರ್ಷ, ಇನ್ನೂ ಸ್ವಲ್ಪ ದಿನ ಇರುವ ಆಸೆ ಇದೆ.

ನಾನು ಯಾರೆಂದು ನಿಮಗೆ ಗೊತ್ತು. ಹೆಸರು ನೆವೇನಾ ಎಂಬುದು ಗೊತ್ತಿರಲಿಕ್ಕಿಲ್ಲ, ಅಷ್ಟೆ. ನಿಮ್ಮ ಕಚೇರಿಯ ಎದುರು, ಆಸ್ಪತ್ರೆಯ ಗೇಟಿನ ಪಕ್ಕದಲ್ಲಿ ಒಂದು ಜೆರಾಕ್ಸ್ ಅಂಗಡಿ ಇದೆಯಲ್ಲ, ಅದರಲ್ಲಿ ಹದಿನಾರು ವರ್ಷದಿಂದ ಕೂತಿರುವವಳು ನಾನೇ. ಮಾಲೀಕರು ರಾಜಧಾನಿ ಸೋಫಿಯಾದಲ್ಲಿರುತ್ತಾರೆ, ತಿಂಗಳಿಗೊಮ್ಮೆ ಬಂದು ಕಾಗದದ ಕಟ್ಟು ಇಳಿಸಿ ಹೋಗುತ್ತಾರೆ. ಜೆರಾಕ್ಸ್ ಎಂದು ಬೋರ್ಡಿನಲ್ಲಿದ್ದರೂ ನನ್ನ ಮುಖ್ಯ ಕೆಲಸ ಸಾವಿನ ಚೀಟಿ. ಈ ಪಟ್ಟಣದ ಬಾಗಿಲುಗಳು, ದೀಪದ ಕಂಬಗಳು, ಬಸ್ ನಿಲ್ದಾಣದ ಗೋಡೆ, ಲಿಂಡೆನ್ ಮರದ ಬೊಡ್ಡೆ ಎಲ್ಲದರ ಮೇಲೂ ಅಂಟಿರುವ ಮುಖಗಳು ನನ್ನ ಯಂತ್ರದಿಂದ ಹೊರಬಂದವು. ಸತ್ತ ದಿನಕ್ಕೊಂದು, ನಲವತ್ತನೆಯ ದಿನಕ್ಕೊಂದು, ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ. ಕ್ರೈಸ್ತರಿಗೆ ಕಪ್ಪು ಅಂಚು, ಮುಸಲ್ಮಾನರಿಗೆ ಹಸಿರು, ಮದುವೆಯಾಗದೆ ಹೋದ ಎಳೆಯರಿಗೆ ನೀಲಿ. ಹೊಟ್ಟೆಯಲ್ಲೇ ಹೋದವರಿಗೆ ಯಾವ ಬಣ್ಣವೂ ಇಲ್ಲ. ಅದನ್ನು ನಾನು ಒಮ್ಮೆ ಹುಡುಕಿದ್ದೆ, ಅದಕ್ಕೇ ಗೊತ್ತು.

ಕಳೆದ ನವೆಂಬರಿನ ಮೊದಲ ವಾರ ನನ್ನ ಎಡಗಾಲು ಊದಿಕೊಂಡಿತು. ದಿನವಿಡೀ ನಿಂತಿರುವವಳ ಕಾಲು ಊದದೆ ಇನ್ನೇನಾದೀತು ಎಂದು ಸುಮ್ಮನಾದೆ. ಮೂರನೆಯ ದಿನ ಅಂಗಡಿಯ ಏಣಿ ಹತ್ತುವಾಗ ಉಸಿರೇ ಸಿಗಲಿಲ್ಲ. ಕಾಲಿನಲ್ಲಿ ಕಟ್ಟಿದ ಹೆಪ್ಪು ಒಡೆದು ಶ್ವಾಸಕೋಶಕ್ಕೆ ಹೋಗಿತ್ತು ಎಂದು ಆಮೇಲೆ ಹೇಳಿದರು. ನಾನೇ ಅಂಗಡಿಗೆ ಬೀಗ ಹಾಕಿ, ನಾನೇ ಗೇಟು ಹಿಡಿದುಕೊಂಡು ಆಸ್ಪತ್ರೆಗೆ ನಡೆದೆ. ನರ್ಸ್ ಅರ್ಜಿ ತುಂಬುತ್ತಾ ಕೇಳಿದಳು, “ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡೋಣ?” ಯೋಚಿಸಿ ಒಂದು ನಂಬರು ಕೊಟ್ಟೆ. ಸಂಜೆ ಅವಳೇ ಬಂದು, “ಎಷ್ಟು ಸಲ ಮಾಡಿದ್ರೂ ಯಾರೂ ಎತ್ತಲ್ವಲ್ಲ ಅಕ್ಕ” ಎಂದಳು. ಹೇಗೆ ಎತ್ತುತ್ತಾರೆ? ಅದು ನನ್ನ ಅಂಗಡಿಯ ನಂಬರು.

ಅಲ್ಲಿಂದ ನನ್ನನ್ನು ಪ್ಲೋವ್‌ದಿವ್‌ಗೆ ಕಳಿಸಿದರು. ಅಲ್ಲಿನ ದೊಡ್ಡ ಆಸ್ಪತ್ರೆಯ ರಕ್ತರೋಗದ ವೈದ್ಯೆ ಡಾಕ್ಟರ್ ತಾನೆವಾ, ನಿಮ್ಮ ಸಮಿತಿಯಂತಲ್ಲದೆ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವ ಹೆಂಗಸು. ಸಿಗರೇಟು ಇಲ್ಲ, ಕೈಕಾಲು ಮುರಿದಿಲ್ಲ, ಈ ವಯಸ್ಸಿಗೆ ಹೆಪ್ಪು ಯಾಕೆ ಕಟ್ಟಿತು ಎಂದು ಅವರಿಗೆ ಅನುಮಾನ. “ಯಾವತ್ತಾದ್ರೂ ಗರ್ಭ ನಷ್ಟ ಆಗಿತ್ತಾ?” ಎಂದು ಕೇಳಿದರು. ಆರನೆಯ ತಿಂಗಳಲ್ಲಿ ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನವೆಂಬರ್ ಹದಿನಾಲ್ಕರಂದು ರಕ್ತ ತೆಗೆದು ಮೂರು ಬಗೆಯ ಪ್ರತಿಕಾಯಗಳಿಗಾಗಿ ಹುಡುಕಿಸಿದರು. ಮೂರೂ ಇದ್ದವು.

“ರೋಗ ಬಂದಾಗ ಹೋರಾಡೋಕೆ ಅಂತ ಮೈಯಲ್ಲಿ ಪ್ರತಿಕಾಯ ಇರುತ್ತಲ್ಲ, ನಿಮ್ಮಲ್ಲಿ ಅವು ನಿಮ್ಮ ರಕ್ತದ ಮೇಲೇ ಚಾಡಿ ಹೇಳ್ತಿವೆ,” ಎಂದರು. “ಕಳ್ಳ ಬಂದ, ಕಳ್ಳ ಬಂದ ಅಂತ ಕೂಗ್ತವೆ. ರಕ್ತ ಗಾಬರಿಯಾಗಿ ಹೆಪ್ಪುಗಟ್ಟುತ್ತೆ. ಅಲ್ಲಿ ಕಳ್ಳನೇ ಇರಲ್ಲ.”

“ಹಾಗಾದ್ರೆ ಗೊತ್ತಾಯ್ತಲ್ಲ ಡಾಕ್ಟ್ರೇ, ಅದೇ ಕಾಯಿಲೆ.”

“ಅರ್ಧ ಗೊತ್ತಾಯ್ತು. ಜ್ವರವೋ ಸೋಂಕೋ ಬಂದು ಹೋದಾಗ್ಲೂ ಇವು ಸ್ವಲ್ಪ ದಿನ ಕಾಣಿಸ್ಕೊಂಡು ಮಾಯ ಆಗೋದುಂಟು. ಹನ್ನೆರಡು ವಾರ ಬಿಟ್ಟು ಇನ್ನೊಂದ್ಸಲ ನೋಡ್ಬೇಕು. ಆಗ್ಲೂ ಇದ್ರೆ ಖಾತ್ರಿ. ಒಂದ್ಸಲದ ಮಾತು ನಂಬಿ ಯಾರಿಗೂ ಜೀವನಪೂರ್ತಿ ಔಷಧ ಬರೆಯೋ ಹಾಗಿಲ್ಲಮ್ಮ.”

ನ್ಯಾಯವಾದ ಮಾತು. ಇದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ತಕರಾರು ನಿಮ್ಮ ನಿಯಮದ ಬಗ್ಗೆ. ನಿಮ್ಮ ಕಚೇರಿ ಒಂದು ಪರೀಕ್ಷೆಯನ್ನು ಒಬ್ಬರಿಗೆ ಹನ್ನೆರಡು ತಿಂಗಳಲ್ಲಿ ಒಂದೇ ಸಲ ಮಂಜೂರು ಮಾಡುತ್ತದೆ. ಅದೇ ಕಚೇರಿಯ ಸಮಿತಿ, ಒಂದೇ ಪರೀಕ್ಷೆ ಇದ್ದರೆ ರೋಗ ಖಚಿತವಾಗಿಲ್ಲ ಎಂದು ಐದು ತಿಂಗಳಿಗೆ ಔಷಧ ನಿಲ್ಲಿಸುತ್ತದೆ. ಎರಡನ್ನೂ ಒಂದೇ ಮಹಡಿಯಲ್ಲಿ ಕೂತು ಬರೆದಿದ್ದೀರಿ. ಬರೆಯುವಾಗ ನಡುವಿನ ಬಾಗಿಲು ಮುಚ್ಚಿತ್ತೇ? ಐದನೆಯ ತಿಂಗಳಿಗೂ ಹನ್ನೆರಡನೆಯ ತಿಂಗಳಿಗೂ ನಡುವೆ ರೋಗಿ ಏನು ಮಾಡಬೇಕು, ಉಸಿರು ಕಟ್ಟಿಕೊಂಡು ಕೂರಬೇಕೇ? ನನಗಂತೂ ಆ ಅಭ್ಯಾಸ ಈಗಾಗಲೇ ಆಗಿದೆ.

ಸ್ವಂತ ಖರ್ಚಿನಲ್ಲಿ ಮಾಡಿಸಿಕೊಳ್ಳಬಾರದೇ ಎನ್ನುತ್ತೀರಿ. ನಿಮ್ಮ ಚೀಟಿ ಇಲ್ಲದೆ ತೆಗೆದ ರಕ್ತವನ್ನು ನಿಮ್ಮ ಸಮಿತಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದು ನನ್ನ ರಕ್ತವೇ ಎಂಬುದಕ್ಕೆ ಏನು ಪುರಾವೆ ಎಂದು ಕೇಳುತ್ತದೆ. ಮಾತ್ರೆಯನ್ನಾದರೂ ಕೊಂಡುಕೊಳ್ಳಬಾರದೇ? ಔಷಧದಂಗಡಿಯವಳು ನಿಮ್ಮ ಮೊಹರು ಬಿದ್ದ ಔಷಧದ ಪುಸ್ತಕ ಕೇಳುತ್ತಾಳೆ. ಅವಳದ್ದೂ ತಪ್ಪಲ್ಲ. ಅಳತೆ ನೋಡದೆ ನುಂಗಿದರೆ ಹೆಪ್ಪು ತಡೆಯುವ ಮಾತ್ರೆಯೇ ರಕ್ತ ಸುರಿಸಿ ಕೊಲ್ಲುತ್ತದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ವೈದ್ಯರು ಕೊಟ್ಟಿದ್ದಾರೆ, ಮೂರನೆಯ ಕಿಟಕಿ ಕೊಡುತ್ತಿಲ್ಲ.

ಈಗ ಹದಿಮೂರು ವರ್ಷ ಹಿಂದಿನ ಒಂದು ಕಾಗದದ ಕಥೆ ಹೇಳಬೇಕು. ಅದನ್ನು ಹೇಳದೆ ನಾನು ಹೇಗೆ ಸತ್ತೆ ಎಂಬುದು ನಿಮಗೆ ಅರ್ಥವಾಗುವುದಿಲ್ಲ.

ಆಗ ನಾನು ಪ್ಲಾಮೆನ್ ಎಂಬುವನ ಹೆಂಡತಿ. ಬಸುರಿಯಾದಾಗ ಎಲ್ಲರಿಗೂ ಮಾಡುವ ಹಾಗೆ ನನಗೂ ರಕ್ತಪರೀಕ್ಷೆ ಮಾಡಿದರು. ಅದರಲ್ಲಿ ಒಂದು, ಹೇಳಲು ನಾಲಿಗೆ ತಡವರಿಸುವ ಕಾಯಿಲೆಯದ್ದು, ಸಿಫಿಲಿಸ್. ಅದು ‘ಇದೆ’ ಎಂದು ಬಂತು. ಖಾತ್ರಿ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆಗೆ ಕಳಿಸಿದರು, ಅದು ‘ಇಲ್ಲ’ ಎಂದು ಬರಲು ಒಂಬತ್ತು ದಿನ ಹಿಡಿಯಿತು. ಒಂಬತ್ತು ದಿನ ನನ್ನ ಅತ್ತೆ ಸ್ತೋಯ್ನಾಗೆ ಊರಿಗೆಲ್ಲ ಹೇಳಲು ಧಾರಾಳವಾಗಿ ಸಾಕಾಯಿತು. ನನ್ನ ತಟ್ಟೆ, ಚಮಚ ಬೇರೆಯಾದವು. ನಾನು ಕೂತ ಕುರ್ಚಿಗೆ ಅವರು ವಿನೆಗರ್ ಒರೆಸುತ್ತಿದ್ದರು. ಪ್ಲಾಮೆನ್ ತಾನೂ ಪರೀಕ್ಷೆ ಮಾಡಿಸಿಕೊಂಡು ಬಂದು ಕಾಗದವನ್ನು ಮೇಜಿನ ಮೇಲೆ ಎಸೆದ. “ನನಗಿಲ್ಲ. ನಿನಗಿದೆ. ಎಲ್ಲಿಂದ ಬಂತು ಅಂತ ನೀನೇ ಹೇಳು,” ಎಂದ. ಎರಡನೆಯ ಫಲಿತಾಂಶ ತೋರಿಸಿದೆ. “ಒಂದ್ಸಲ ಇದೆ ಅಂತೆ, ಒಂದ್ಸಲ ಇಲ್ಲ ಅಂತೆ. ಯಾವುದನ್ನ ನಂಬ್ಲಿ?” ಎಂದ. ನಂಬಲು ಇಷ್ಟವಾದದ್ದನ್ನು ನಂಬಿದ. ಆರನೆಯ ತಿಂಗಳಲ್ಲಿ ಮಗು ಹೋಯಿತು. ಅವನು ಸ್ಪೇನಿಗೆ ಕೆಲಸಕ್ಕೆ ಹೋದ, ಅಲ್ಲಿಂದ ವಿಚ್ಛೇದನದ ಕಾಗದ ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನ ಪಾಲಿಗೆ ಎರಡೂ ಒಂದೇ ಚಳಿಗಾಲದಲ್ಲಿ ಹೋದವು.

ಈ ಹಳೆಯ ಕಾಗದವನ್ನು ಡಾಕ್ಟರ್ ತಾನೆವಾಗೆ ತೋರಿಸಿದಾಗ ಅವರು ಅದನ್ನು ಎರಡು ಸಲ ಓದಿದರು. ಆ ಪರೀಕ್ಷೆಯಲ್ಲಿ ಕೊಬ್ಬಿನಂಥ ಒಂದು ವಸ್ತುವನ್ನು ಬಳಸುತ್ತಾರಂತೆ. ನನ್ನ ಮೈಯಲ್ಲಿರುವಂಥ ಪ್ರತಿಕಾಯಗಳು ಅದಕ್ಕೂ ಹೋಗಿ ಅಂಟಿಕೊಳ್ಳುತ್ತವಂತೆ. ಹಾಗಾಗಿ ಇಲ್ಲದ ಕಾಯಿಲೆ ಇದೆ ಎಂದು ಬರುತ್ತದಂತೆ. “ಈ ಕಾಗದ ಹದಿಮೂರು ವರ್ಷದಿಂದ ಬಾಯಿ ಬಡ್ಕೊಳ್ತಿತ್ತಲ್ಲಮ್ಮ. ಸುಳ್ಳು ಫಲಿತಾಂಶ ಅಂದ್ರಲ್ಲ, ಯಾಕೆ ಸುಳ್ಳಾಯ್ತು ಅಂತ ಒಬ್ರೂ ಕೇಳ್ಲಿಲ್ವಾ?” ಎಂದರು. ಕೇಳಿದ್ದರೆ ಆ ಮಗು ಉಳಿಯುತ್ತಿತ್ತೇ ಎಂದೆ. ದಿನಕ್ಕೊಂದು ಸೂಜಿ ಚುಚ್ಚಿ ಇಂಥ ಬಸುರಿಯರನ್ನು ಕಾಪಾಡುವುದು ಆಗಲೂ ಗೊತ್ತಿತ್ತು, ಹೆಚ್ಚಿನವರ ಮಕ್ಕಳು ಉಳಿಯುತ್ತವೆ ಎಂದಷ್ಟೇ ಅವರು ಹೇಳಿದರು. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಕಡೆ ತಿರುಗಿ ಕಣ್ಣೀರು ಹಾಕಿದೆ. ಪಕ್ಕದ ಸೀಟು ಖಾಲಿ ಇತ್ತು, ತಿರುಗುವ ಅಗತ್ಯವೂ ಇರಲಿಲ್ಲ.

ಮಾನ್ಯರೇ, ಒಂದು ಮದುವೆ ಮುರಿಯಲು ಒಂದೇ ಪರೀಕ್ಷೆ ಸಾಕಾಯಿತು. ಒಂದು ಮಾತ್ರೆ ಕೊಡಲು ಎರಡು ಬೇಕು, ಎರಡನೆಯದನ್ನು ಮಾಡುವ ಹಾಗಿಲ್ಲ.

ಜನವರಿಯಲ್ಲಿ ಸ್ತೋಯ್ನಾ ನನ್ನ ಅಂಗಡಿಗೆ ಬಂದರು. ಹದಿಮೂರು ವರ್ಷದಲ್ಲಿ ಮೊದಲ ಸಲ. ಕೈಯಲ್ಲಿ ಮಾವ ಇಲ್ಚೋ ಅವರ ಫೋಟೋ.

“ನಲವತ್ತು ದಿನದ್ದು ಮಾಡ್ಬೇಕು,” ಎಂದರು. “ಕೆಳಗಿನ ಅಂಗಡಿಯವನ ಮಿಷನ್ ಕೆಟ್ಟಿದೆಯಂತೆ, ಅದಕ್ಕೆ ಬಂದೆ. ಬೇರೆ ಏನೂ ಅಂದ್ಕೋಬೇಡ.”

“ಏನೂ ಅಂದ್ಕೊಂಡಿಲ್ಲ ಅತ್ತೆ. ಫೋಟೋ ಕೊಡಿ.”

ನನ್ನ ಮೊಣಕೈಯ ಒಳಬದಿಯಲ್ಲಿ ಸೂಜಿ ಚುಚ್ಚಿದ ನೀಲಿ ಕಲೆಗಳನ್ನು ನೋಡಿ ದನಿ ತಗ್ಗಿಸಿದರು. “ಇನ್ನೂ ಅದೇನಾ?”

ಅವರ ಮೇಲೆ ಕೂಗಾಡಬೇಕು ಎಂದು ಎಷ್ಟೋ ವರ್ಷ ಮಾತು ಜೋಡಿಸಿಟ್ಟಿದ್ದೆ. ಒಂದೂ ಬರಲಿಲ್ಲ. ಯಂತ್ರ ಮಾವನವರ ಮುಖವನ್ನು ಒಂದೊಂದಾಗಿ ಹೊರಹಾಕುತ್ತಿತ್ತು. ನಾನು ಕಾಯಿಲೆ ಏನೆಂದು, ಆ ಕಾಗದ ಯಾಕೆ ಸುಳ್ಳು ಹೇಳಿತೆಂದು ತಿಳಿಸಿದೆ.

“ಮಗು?” ಎಂದರು.

“ಮಗು ಹೋಗಿದ್ದೂ ಇದ್ರಿಂದ್ಲೇ.”

ಸ್ತೋಯ್ನಾ ಕಾಗದದ ಕಟ್ಟಿನ ಮೇಲೆ ಕೂತರು. ಯಾರಿಗೆಲ್ಲ ಹೇಳಿದ್ದೆನೆಂದು ಬೆರಳು ಮಡಿಸಿ ಎಣಿಸತೊಡಗಿದರು. “ಬೇಕರಿ ದೋಚ್ಕಾಗೆ ಹೇಳಿದ್ದೆ. ಅವಳಿಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ. ಅವಳ ಹತ್ರ ಮೊದ್ಲು ಹೋಗ್ತೀನಿ.”

“ದೋಚ್ಕಾ ಹೋಗಿ ನಾಲ್ಕು ವರ್ಷ ಆಯ್ತತ್ತೆ. ಚೀಟಿ ನಾನೇ ಮಾಡಿದ್ದು.”

“ಮೂರನೇ ಮಹಡಿ ಗಾನ್ಕಾ?”

“ಹೋದ ವರ್ಷ. ಅದೂ ನಾನೇ.”

“ಅಯ್ಯೋ, ಸುಳ್ಳು ಕೇಳಿದೋರೆಲ್ಲ ಮಣ್ಣಿಗೆ ಹೋದ್ರಲ್ಲೇ! ಈಗ ನಿಜ ನಾನು ಯಾರಿಗೆ ಹೇಳ್ಲಿ?”

ಅವತ್ತಿನಿಂದ ಅವರು ವಾರಕ್ಕೆರಡು ಸಲ ಬರುತ್ತಾರೆ. ಕೆಂಪು ಮೆಣಸಿನಕಾಯಿ ಸುಟ್ಟು ಮಾಡಿದ ಚಟ್ನಿಯ ಬಾಟಲಿ ತಂದು ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಕೂತಿದ್ದು ಹೋಗುತ್ತಾರೆ. ಕ್ಷಮಿಸಿದ್ದೀಯಾ ಎಂದು ಅವರು ಕೇಳಿಲ್ಲ. ಕೇಳಿದರೆ ಏನು ಹೇಳಬೇಕೆಂದು ನನಗೂ ಗೊತ್ತಿಲ್ಲ. ಆದರೆ ಅವರು ಬರದ ದಿನ ಬಾಗಿಲ ಕಡೆ ನೋಡುತ್ತೇನೆ.

ಫೆಬ್ರವರಿ ಆರಕ್ಕೆ ನನ್ನ ಜೊತೆ ನಿಮ್ಮ ಕಚೇರಿಗೂ ಬಂದರು. ಅವರ ದನಿ ನಿಮ್ಮ ಕೋಣೆಯವರೆಗೆ ಕೇಳಿಸಿರಬೇಕು.

“ಹನ್ನೆರಡು ತಿಂಗಳಾಗ್ಬೇಕು ಅಜ್ಜಿ,” ಎಂದರು ಮೂರನೆಯ ಕಿಟಕಿಯವರು.

“ಡಾಕ್ಟ್ರು ಹನ್ನೆರಡು ವಾರ ಅಂದಿದಾರೆ.”

“ಅದು ಡಾಕ್ಟ್ರ ನಿಯಮ. ನಮ್ಮದು ತಿಂಗಳು. ಸ್ವಲ್ಪ ಸಮಾಧಾನ ತಗೊಳ್ಳಿ.”

“ಸಮಾಧಾನ ನನ್ನ ಗಂಡ ತಗೊಂಡಿದಾನೆ, ಗುಡ್ಡದ ಮೇಲೆ ಮಲಗಿದಾನೆ. ನನಗೆ ಬೇಡ. ಅರ್ಜಿ ತಗೊಳ್ತೀಯೋ, ಇಲ್ಲೇ ಹಾಸಿಗೆ ಹಾಸ್ಲೋ?”

ಅರ್ಜಿ ತೆಗೆದುಕೊಂಡರು. ವಿಶೇಷ ಪ್ರಕರಣವೆಂದು ಪರಿಗಣಿಸುತ್ತೇವೆ, ಮಾರ್ಚ್ ಎರಡಕ್ಕೆ ಬನ್ನಿ ಎಂದರು. ಆಶೆ ಹುಟ್ಟಿತು. ಆ ಉತ್ಸಾಹದಲ್ಲೇ ಸ್ತೋಯ್ನಾ ಫೆಬ್ರವರಿಯ ಕೊನೆಗೆ ಅಂಗಡಿಗೆ ಬಂದು, ತನಗೊಂದು ಚೀಟಿ ಮಾಡಿಕೊಡಬೇಕೆಂದರು. ಸತ್ತವರದ್ದಲ್ಲ, ನಿಜದ್ದು. ತಾನು ಹೇಳಿದ್ದು ಸುಳ್ಳೆಂದು ಬರೆದು ತನ್ನ ಕೈಯಾರೆ ಬೀದಿಯ ಕಂಬಗಳಿಗೆ ಅಂಟಿಸುತ್ತಾರಂತೆ. ನಾನು ಅಂಚಿಲ್ಲದ ಬಿಳಿ ಕಾಗದ ತೆಗೆದೆ.

“ಅದು ಬೇಡ. ಸೌದೆ ಮಾರಾಟಕ್ಕಿದೆ ಅಂದ್ಕೋತಾರೆ. ಈ ಊರಲ್ಲಿ ಕಪ್ಪು ಅಂಚಿಲ್ದೆ ಇದ್ರೆ ಯಾರೇ ನಿಂತು ಓದ್ತಾರೆ?”

“ಅತ್ತೆ, ಅಪಶಕುನ.”

“ಆಗಿದ್ದಕ್ಕಿಂತ ಇನ್ನೇನು ಅಪಶಕುನ ಆಗುತ್ತೆ? ಫೋಟೋನೂ ಹಾಕು. ಇಲ್ದಿದ್ರೆ ಯಾವ ನೆವೇನಾ ಅಂತ ಕೇಳ್ತಾರೆ.”

ಅವರು ಹೇಳಿದಂತೆ ಮಾಡಿದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಹದಿಮೂರು ವರ್ಷ’. ಅದರ ಕೆಳಗೆ ನನ್ನ ಫೋಟೋ, ನನ್ನ ಹೆಸರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಹದಿಮೂರು ವರ್ಷದ ಹಿಂದೆ ನನ್ನ ಸೊಸೆಗೆ ಕೆಟ್ಟ ಕಾಯಿಲೆ ಇದೆ ಎಂದು ನಾನು ಎಲ್ಲರಿಗೂ ಹೇಳಿದೆ. ಇರಲಿಲ್ಲ. ಅವಳ ರಕ್ತ ತಪ್ಪು ಮಾಡಿರಲಿಲ್ಲ, ನನ್ನ ಬಾಯಿ ಮಾಡಿತ್ತು. ಸ್ತೋಯ್ನಾ.’ ಎಪ್ಪತ್ತೆಂಟರ ಮುದುಕಿ ಅಂಟಿನ ಡಬ್ಬಿ ಹಿಡಿದು ಇಪ್ಪತ್ತು ಕಂಬ ಸುತ್ತಿದರು.

ನಮ್ಮ ಊರಿನವರು ಕಂಬದ ಮುಂದೆ ನಿಲ್ಲುತ್ತಾರೆ, ನಿಜ. ಮುಖ ನೋಡುತ್ತಾರೆ, ಹೆಸರು ಓದುತ್ತಾರೆ, ಶಿಲುಬೆ ಗುರುತು ಮಾಡಿಕೊಂಡು ಮುಂದೆ ಹೋಗುತ್ತಾರೆ. ಕೆಳಗಿನ ಸಣ್ಣ ಅಕ್ಷರ ಎಲ್ಲ ಚೀಟಿಯಲ್ಲೂ ಒಂದೇ ಇರುತ್ತದೆ, ಅದನ್ನು ಓದುವವರು ಯಾರು? ಹದಿನಾರು ವರ್ಷ ಅದನ್ನೇ ಅಚ್ಚು ಹಾಕಿದ ನನಗೆ ಇದು ಹೊಳೆಯಬೇಕಿತ್ತು. ಮರುದಿನ ಬೆಳಗ್ಗೆ ನನ್ನ ಮನೆಯ ಬಾಗಿಲ ಮುಂದೆ ಒಂದು ಬಟ್ಟಲು ಸಕ್ಕರೆ ಹಾಕಿ ಬೇಯಿಸಿದ ಗೋಧಿ ಇತ್ತು, ಸತ್ತವರ ಹೆಸರಿನಲ್ಲಿ ಹಂಚುವಂಥದ್ದು. ನಾನು ಸತ್ತು ಹದಿಮೂರು ವರ್ಷವೇ ಆಗಿದೆ ಎಂದುಕೊಂಡವರೂ ಇದ್ದರು. ಹಾಗಾದರೆ ನಿನ್ನೆ ಅಂಗಡಿಯಲ್ಲಿ ಜೆರಾಕ್ಸ್ ಮಾಡಿಕೊಟ್ಟವಳು ಯಾರು ಎಂದು ಅವರಿಗೆ ಅನ್ನಿಸಲಿಲ್ಲ. ನಕ್ಕುಬಿಡೋಣ ಎಂದುಕೊಂಡೆ, ಆಗಲಿಲ್ಲ.

ಎದುರು ಮನೆಯ ಗೋಶೋ ಮಾಮ ಹೂ ಹಿಡಿದು ಬಂದು ಕರೆಗಂಟೆ ಒತ್ತಿದರು. ಒಳಗೆ ಯಾರಾದರೂ ನೆಂಟರು ಇರಬಹುದೆಂದು ಒತ್ತಿದ್ದು. ಬಾಗಿಲು ತೆಗೆದವಳು ನಾನು. ಅವರ ಕೈಯಲ್ಲಿ ನಾಲ್ಕು ಕಾರ್ನೇಷನ್ ಹೂವಿದ್ದವು. ಸತ್ತವರಿಗೆ ಸರಿಸಂಖ್ಯೆ, ಬದುಕಿರುವವರಿಗೆ ಬೆಸ. ಮಾಮ ನನ್ನನ್ನು ನೋಡಿದರು, ಹೂವನ್ನು ನೋಡಿದರು. ಒಂದನ್ನು ಹಿಂದಕ್ಕೆಳೆದು ಕೋಟಿನ ಜೇಬಿಗೆ ತುರುಕಿಕೊಂಡು ಮೂರನ್ನು ನನಗೆ ಕೊಟ್ಟರು. ಹದಿಮೂರು ವರ್ಷದಲ್ಲಿ ನನಗೆ ಯಾರಾದರೂ ಹೂ ಕೊಟ್ಟದ್ದು ಅದೇ ಮೊದಲು. ನೀರಿನಲ್ಲಿಟ್ಟೆ, ಒಂಬತ್ತು ದಿನ ಬಾಡಲಿಲ್ಲ.

ಮಾರ್ಚ್ ಎರಡಕ್ಕೆ ನಿಮ್ಮ ಮೂರನೆಯ ಕಿಟಕಿಗೆ ಬಂದೆ. ಹಿಂದಿನ ದಿನ ಮಾರ್ಚ್ ಒಂದರ ಹಬ್ಬ, ಬೇಕಾದವರ ಕೈಗೆ ದಾರ ಕಟ್ಟಿ ಆಯುರಾರೋಗ್ಯ ಹಾರೈಸುವ ದಿನ. ಗುಮಾಸ್ತೆಯ ಮಣಿಕಟ್ಟಿನಿಂದ ಮೊಣಕೈವರೆಗೆ ಬಂಧುಬಳಗ ಕಟ್ಟಿದ ಕೆಂಪು ಬಿಳಿ ದಾರಗಳು. ನನ್ನ ಕೈಯಲ್ಲಿ ಒಂದು, ಸ್ತೋಯ್ನಾ ಕಟ್ಟಿದ್ದು. ನನ್ನನ್ನು ನೋಡಿ ಅವರು ಕುರ್ಚಿ ಹಿಂದಕ್ಕೆ ತಳ್ಳಿದರು.

“ಅಯ್ಯೋ ದೇವರೇ! ನೀವು ಹೋಗ್ಬಿಟ್ರಲ್ಲ. ನಮ್ಮ ಬೀದಿ ಕಂಬದಲ್ಲೇ ನೋಡಿದೆ. ಪಾಪ ಅಂತ ಚರ್ಚಲ್ಲಿ ಮೇಣದಬತ್ತಿನೂ ಹಚ್ಚಿದೆ.”

“ನಿಮ್ಮ ಋಣ ದೊಡ್ಡದು. ನನ್ನ ಅರ್ಜಿ ಏನಾಯ್ತು?”

“ಕಡತ ಮುಚ್ಚಿದೆನಲ್ಲ. ಸುಮ್ನೆ ಯಾಕೆ ಎಳೆಯೋದು ಅಂತ ಅವತ್ತೇ ಮುಚ್ಚಿದೆ.”

ಇಷ್ಟು ದಿನದಲ್ಲಿ ನಿಮ್ಮ ಕಚೇರಿ ನನಗಾಗಿ ಅದೇ ದಿನ ಮಾಡಿಮುಗಿಸಿದ ಕೆಲಸ ಇದೊಂದೇ.

“ಮತ್ತೆ ತೆರೀರಿ ಹಾಗಾದ್ರೆ.”

“ಮುಚ್ಚೋದು ನನ್ನ ಕೈಲಿದೆ ಅಕ್ಕ, ತೆರೆಯೋದು ಮೇಲಿನೋರ ಕೈಲಿ. ನೀವು ಬದುಕಿದೀರಿ ಅಂತ ಒಂದು ಹೇಳಿಕೆ ಬೇಕು. ನಿಮ್ಮನ್ನ ಚೆನ್ನಾಗಿ ಬಲ್ಲ, ಈ ಜಿಲ್ಲೇಲೇ ಇರೋ ಇಬ್ರು ಸಾಕ್ಷಿ ಸಹಿ ಹಾಕ್ಬೇಕು.”

“ನೀವು ನೋಡ್ತಿದೀರಲ್ಲ ನನ್ನ?”

“ನೋಡ್ತಿದೀನಿ. ಆದ್ರೆ ಬಲ್ಲೆ ಅಂತ ಹೇಗೆ ಬರೆಯೋದು?”

ಆ ಮಾತು ನನ್ನೊಳಗೆ ಕೂತುಬಿಟ್ಟಿತು. ಸ್ತೋಯ್ನಾ ಸಹಿ ಹಾಕಿದರು, ಕಾಗದ ಹರಿಯುವಷ್ಟು ಒತ್ತಿ ಹಾಕಿದರು. ಎರಡನೆಯವರಿಗಾಗಿ ಹುಡುಕಿದೆ. ಅಂಗಡಿ ಮಾಲೀಕರು ಈ ಜಿಲ್ಲೆಯವರಲ್ಲ, ಡಾಕ್ಟರ್ ತಾನೆವಾ ಕೂಡ ಅಲ್ಲ. ಅಪ್ಪ ಅಮ್ಮ ಗುಡ್ಡದ ಮೇಲಿನ ಸ್ಮಶಾನದಲ್ಲಿದ್ದಾರೆ. ಗೋಶೋ ಮಾಮನ ಬಾಗಿಲು ತಟ್ಟಿದೆ. ಅವರು ಕಾಗದವನ್ನು ಕೈಗೇ ತೆಗೆದುಕೊಳ್ಳಲಿಲ್ಲ. “ಎಪ್ಪತ್ತೆಂಟನೇ ಇಸವೀಲಿ, ಕಮ್ಯುನಿಸ್ಟರ ಕಾಲದಲ್ಲಿ, ಪೊಲೀಸ್ನೋರು ಒಬ್ಬನ ಮೇಲೆ ಸಾಕ್ಷಿ ಅಂತ ಒಂದು ಸಹಿ ಹಾಕಿಸ್ಕೊಂಡ್ರು ಮಗಳೇ. ಅವನು ವಾಪಸ್ ಬರ್ಲಿಲ್ಲ. ಅವತ್ತಿಂದ ಸಹಿ ಅಂದ್ರೆ ಕೈ ಏಳಲ್ಲ. ಬೇರೆ ಏನಾದ್ರೂ ಕೇಳು, ಕೊಡ್ತೀನಿ,” ಎಂದು ಅತ್ತರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆಮೇಲೆ ಅಂಗಡಿಯಲ್ಲಿ ಕೂತು, ಬರುವ ಹೋಗುವ ಗಿರಾಕಿಗಳ ಮುಖ ನೋಡುತ್ತಾ ಯೋಚಿಸಿದೆ. ಈ ಊರಿನ ಸತ್ತವರೆಲ್ಲರ ಹುಟ್ಟಿದ ದಿನ, ಹೋದ ದಿನ, ಅಡ್ಡಹೆಸರು, ಯಾವ ಮಗಳು ಫೋನ್ ಮಾಡಲಿಲ್ಲ, ಯಾವ ಮಗ ಓಡಿ ಬಂದ, ನನಗೆ ಗೊತ್ತು. ನನ್ನನ್ನು ಬಲ್ಲವರು ಒಬ್ಬರು. ಅದೂ ನನ್ನ ಮೇಲೆ ಸುಳ್ಳು ಹೇಳಿದವರು.

ಒಂದು ಪರೀಕ್ಷೆ ಇದೆ, ಎರಡು ಬೇಕು. ಒಂದು ಸಾಕ್ಷಿ ಇದೆ, ಎರಡು ಬೇಕು. ಒಂಟಿಯಾಗಿರುವವರನ್ನು ಒದರಿ ಹಾಕಲೆಂದೇ ಈ ಜರಡಿ ಮಾಡಿದ್ದೀರಾ ಎಂದು ಕೇಳಲೇ? ಗಂಡ, ಮಕ್ಕಳು, ಅಣ್ಣತಮ್ಮಂದಿರು ಇರುವವರು ನಿಮ್ಮ ಮೆಟ್ಟಿಲ ಮೇಲೆ ಹತ್ತು ಜನ ನಿಂತು ಗಲಾಟೆ ಮಾಡಿ ಚೀಟಿ ಪಡೆಯುತ್ತಾರೆ, ಕಣ್ಣಾರೆ ನೋಡಿದ್ದೇನೆ. ನನ್ನಂಥವಳ ಪರವಾಗಿ ಗಲಾಟೆ ಮಾಡಲು ಯಾರಿದ್ದಾರೆ? ಅದಕ್ಕೇ ಈ ಪತ್ರ. ಇದಕ್ಕೂ ಕಪ್ಪು ಅಂಚು ಹಾಕಿದ್ದೇನೆ, ಓದಲೆಂದು. ನಿಮ್ಮ ಕಚೇರಿಯ ಬಾಗಿಲಿಗೆ ಅಂಟಿಸುತ್ತೇನೆ. ಕಪ್ಪು ಅಂಚಿನ ಕಾಗದವನ್ನು ಈ ಊರಿನಲ್ಲಿ ಯಾರೂ ಕೈಯಿಂದ ಹರಿಯುವುದಿಲ್ಲ, ಮಳೆ ಗಾಳಿಗೇ ಬಿಡುತ್ತಾರೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಈ ಸಲ ಸಣ್ಣ ಅಕ್ಷರ ಬಳಸಿಲ್ಲ.

ನನ್ನ ಬೇಡಿಕೆ ಇಷ್ಟು. ಹನ್ನೆರಡು ವಾರ ಎಂದು ವೈದ್ಯರು ಹೇಳುವ ಕಡೆ ಹನ್ನೆರಡು ತಿಂಗಳು ಎಂದು ಬರೆದಿರುವುದನ್ನು ತಿದ್ದಿ. ಅದು ನನಗೊಬ್ಬಳಿಗಲ್ಲ. ನನಗೆ, ಮಾರ್ಚ್ ಮೂವತ್ತೊಂದರೊಳಗೆ ಆ ಒಂದು ಚೀಟಿ ಕೊಡಿ. ಮತ್ತು ಎರಡನೆಯ ಸಾಕ್ಷಿಯ ಜಾಗದಲ್ಲಿ ನೀವೇ ಸಹಿ ಹಾಕಿ. ಅಧಿಕಾರಿಗಳು ಸಾಕ್ಷಿ ಸಹಿ ಹಾಕಬಾರದೆಂದು ನಿಮ್ಮ ನಿಯಮಗಳಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ನಿಯಮಪುಸ್ತಕವನ್ನು ಜೆರಾಕ್ಸ್ ಮಾಡಿದವಳು ನಾನೇ, ಪೂರ್ತಿ ಓದಿದ್ದೇನೆ.

ನಿಮಗೆ ನಾನು ಗೊತ್ತಿಲ್ಲ ಎನ್ನಬೇಡಿ. ಡಿಸೆಂಬರ್ ಇಪ್ಪತ್ತೇಳರಂದು ನೀವು ಟೋಪಿ ಕೈಯಲ್ಲಿ ಹಿಡಿದು ನನ್ನ ಅಂಗಡಿಗೆ ಬಂದಿರಿ. ಅವತ್ತು ಬೆಳಗ್ಗೆ ನಿಮ್ಮ ತಾಯಿ ಹೋಗಿದ್ದರು. ಅವರು ಹುಟ್ಟಿದ ವರ್ಷ ಹೇಳಲು ನಿಮಗೆ ಬಾಯಿ ಬರಲಿಲ್ಲ, ನಾನು ಲೋಟದಲ್ಲಿ ನೀರು ಕೊಟ್ಟೆ. ನೀವು ತಂದ ಫೋಟೋದಲ್ಲಿ ಅಮ್ಮನ ಪಕ್ಕ ಇನ್ನೊಬ್ಬರ ಭುಜ ಇತ್ತು. ಅದನ್ನು ಅಳಿಸಲೇ ಎಂದು ಕೇಳಿದೆ. “ಬೇಡ, ಇರ್ಲಿ. ಅದು ನಂದು,” ಎಂದಿರಿ. ಅಳಿಸಲಿಲ್ಲ. ನಲವತ್ತನೆಯ ದಿನದ ಚೀಟಿಯಲ್ಲೂ ಹಾಗೇ ಬಿಟ್ಟೆ.

ಈ ಇಪ್ಪತ್ತೇಳಕ್ಕೆ ಅಮ್ಮನಿಗೆ ಮೂರು ತಿಂಗಳು. ಚೀಟಿ ಸಿದ್ಧವಾಗಿದೆ. ಭುಜ ಇದೆ. ತೆಗೆದುಕೊಂಡು ಹೋಗಲು ನೀವೇ ಬನ್ನಿ, ಬೇರೆಯವರನ್ನು ಕಳಿಸಬೇಡಿ. ಪೆನ್ನು ನನ್ನ ಬಳಿ ಇದೆ.

ಇಂತಿ,
ಸದ್ಯಕ್ಕೆ ಒಬ್ಬರ ಸಾಕ್ಷಿಯ ಮೇಲೆ ಬದುಕಿರುವ,
ನೆವೇನಾ ಗೆರೋವಾ
ಜೆರಾಕ್ಸ್ ಅಂಗಡಿ, ನಿಮ್ಮ ಕಿಟಕಿಯ ನೇರ ಎದುರು